ಗೋಲಿ ಮಶಿನ್ನಿಗೆ ಬಿಟ್ಟ ಜಾಗ

ನಮ್ಮ ಮನೆಗೆ ಬಂದವರೆಲ್ಲ ಮೊದಲು ವಿಚಾರಿಸುವುದು ದಿವಾನದ ಕತೆಯನ್ನು. ಅದು ಬಾಗಿಲಿಗೆ ಅರ್ಧ ಅಡ್ಡವಾಗಿ ಕೂತಿದೆ. ಒಳಗೆ ಬರುವವರು ಮೊಣಕಾಲು ಬಡಿಸಿಕೊಂಡೇ ಬರಬೇಕು. ಎದುರಿಗೆ ಕಿಟಕಿಯ ಪಕ್ಕದ ಮೂಲೆ ನೋಡಿದರೆ ಖಾಲಿ. ಅಲ್ಲೊಂದು ಕುಂಡವಿಲ್ಲ, ಕುರ್ಚಿಯಿಲ್ಲ. "ಹೊಸಾ ಫ್ರಿಜ್ ಬರೂದೈತೇನ್ರಿ?" ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಪೇಪರಿನ ಹಿಂದಿನಿಂದ, "ಇಲ್ಲರಿ, ಅದು ನಮ್ಮಾಕಿ ಹೊಟ್ಟಿಕಿಚ್ಚ ಇಡೂ ಜಾಗಾ" ಎನ್ನುತ್ತಾರೆ. ಬಂದವರು ನಗುತ್ತಾರೆ. ನಾನು ಚಹಾ ಇಡಲು ಒಳಗೆ ಹೋಗುತ್ತೇನೆ.

ಅವರು ಹೇಳುವುದು ಸುಳ್ಳಲ್ಲ. ಹೊಟ್ಟೆಕಿಚ್ಚು ಕೆಲವರಿಗೆ ನೆಗಡಿಯಂತೆ ಬಂದು ಹೋಗುತ್ತದೆ. ನನಗೆ ಅದು ಶುಗರ್ ಇದ್ದ ಹಾಗೆ, ಒಮ್ಮೆ ಬಂದದ್ದು ಹೋಗಲೇ ಇಲ್ಲ. ಆದರೆ ಕಂಡಕಂಡವರ ಮೇಲೆಲ್ಲ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನಲ್ಲ. ಪಕ್ಕದ ಮನೆಯವರು ಮೂರು ಅಂತಸ್ತು ಏರಿಸಿದಾಗ ಮನಸಾರೆ ಹೋಗಿ ಉಂಡು ಬಂದಿದ್ದೇನೆ. ನನ್ನ ಹೊಟ್ಟೆಕಿಚ್ಚು ಪೂರ್ತಿ ಒಬ್ಬಳಿಗೇ ಮೀಸಲು. ಅವಳು ನನ್ನ ಸೋದರತ್ತೆಯ ಮಗಳು, ನನ್ನದೇ ವಾರಿಗೆಯ ಶಕ್ಕು. ಕಾರಣ, ಒಂದು ಗೋಲಿ ಮಶಿನ್.

ಗೋಲಿ ಮಶಿನ್ ಎಂದರೆ ನಿಮಗೆ ತಿಳಿಯಲಿಕ್ಕಿಲ್ಲ. ಈಗಿನವರು ಅದಕ್ಕೆ ಪಿನ್‌ಬಾಲ್ ಅನ್ನುತ್ತಾರಂತೆ. ಜಮಖಂಡಿಯಲ್ಲಿ ಟಾಕೀಜಿನ ಎದುರು ನಮ್ಮ ಪರಸು ಕಾಕಾನ ಸೋಡಾ ಅಂಗಡಿ ಇತ್ತು. ಕಾಕಾ ಅಪ್ಪನ ತಮ್ಮ, ನಮ್ಮ ಮನೆಯಲ್ಲೇ ಇದ್ದವನು, ಮಕ್ಕಳಿರಲಿಲ್ಲ. ಒಮ್ಮೆ ಐಸಿನ ಪೆಟ್ಟಿಗೆ ತರುತ್ತೇನೆಂದು ಮುಂಬೈಗೆ ಹೋದವನು ಬೇರೆಯೇ ಒಂದು ಪೆಟ್ಟಿಗೆಯನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ನಾಲ್ಕು ಕಾಲು, ಮೇಲೆ ಗಾಜು ಹೊದಿಸಿದ ಇಳಿಜಾರು ಹಲಗೆ, ತಲೆಯ ಕಡೆಗೆ ನೆಟ್ಟಗೆ ನಿಂತ ಬಣ್ಣದ ಕನ್ನಡಿ. ಸ್ಪ್ರಿಂಗಿನ ಹಿಡಿಕೆ ಎಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಮೇಲಕ್ಕೆ ಹಾರಿ, ಅಲ್ಲಿದ್ದ ಛತ್ರಿಯಂಥ ಗೂಟಗಳಿಗೆ ಬಡಿದು, ಗಂಟೆ ಬಾರಿಸಿ, ದೀಪ ಹೊತ್ತಿಸಿ, ಅಂಕಿಯ ಚಕ್ರಗಳನ್ನು ತಿರುಗಿಸಿ ಕೆಳಗೆ ಇಳಿಯುತ್ತದೆ. ಕೆಳಗೆ ಎರಡು ಪುಟ್ಟ ಕೈಗಳಿವೆ. ಪೆಟ್ಟಿಗೆಯ ಪಕ್ಕದ ಗುಂಡಿ ಒತ್ತಿ ಆ ಕೈಗಳಿಂದ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ತಪ್ಪಿದರೆ ನಡುವಿನ ಸಂದಿಯಲ್ಲಿ ಬಿದ್ದು ಹೋಗುತ್ತದೆ. ಆಟ ಇಷ್ಟೇ. ಇದಕ್ಕಾಗಿ ಜನ ಸಿನಿಮಾದ ಮೊದಲ ಅರ್ಧವನ್ನೇ ಬಿಡುತ್ತಿದ್ದರು.

ಆ ಬಣ್ಣದ ಕನ್ನಡಿಯ ಮೇಲೆ ಸಮುದ್ರದ ದಂಡೆಯಲ್ಲಿ ಆಡುವ ಮೂವರು ಬಿಳಿ ಹೆಂಗಸರಿದ್ದರು. ಮೈಮೇಲೆ ಇದ್ದದ್ದು ಬಹಳ ಕಡಿಮೆ. ನಮ್ಮಜ್ಜಿ ಅಂಗಡಿಗೆ ಬಂದವಳೇ ಬಾಯಿಗೆ ಸೆರಗು ಹಿಡಿದು, "ಪರಸ್ಯಾ, ಇವಕ್ಕ ಮೊದಲ ಒಂದೊಂದು ಸೀರಿ ಉಡಸು, ಇಲ್ಲಂದ್ರ ನಾನೂ ಇಲ್ಲೆ ಬಂದು ಕುಂದರತೇನಿ" ಅಂದಳು. ಕಾಕಾ ಟಾಕೀಜಿನ ಪೋಸ್ಟರ್ ಬರೆಯುವ ಪೇಂಟರನ್ನು ಕರೆಸಿದ. ಅವನು ಮೂವರಿಗೂ ದಪ್ಪ ದಡಿಯ ಇಳಕಲ್ ಸೀರೆ ಉಡಿಸಿ, ಹಣೆಗೆ ಕುಂಕುಮ ಇಟ್ಟು, ಮೇಲಿಂದ ಒಬ್ಬಳಿಗೆ ಮೂಗುತಿಯನ್ನೂ ಬರೆದ. ಹಿಂದೆ ದೀಪ ಹೊತ್ತಿದರೆ ಸೀರೆಯೊಳಗಿಂದ ಹಳೆಯ ವೇಷ ಮಸುಕಾಗಿ ಕಾಣುತ್ತಿತ್ತು. ಅಜ್ಜಿಗೆ ಅದನ್ನು ಯಾರೂ ಹೇಳಲಿಲ್ಲ.

ಶಕ್ಕು ಮುಧೋಳದವಳು. ಶಾಲೆಗೆ ಸೂಟಿ ಬಿದ್ದರೆ ನಮ್ಮಲ್ಲಿಗೆ ಬರುತ್ತಿದ್ದಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಕಾಕಾ ನಮ್ಮಿಬ್ಬರಿಗೆ ಮಶಿನ್ ಬಿಡುತ್ತಿದ್ದ. ಅವಳು ಆಡಲು ನಿಂತರೆ ಗುಂಡು ಕೆಳಗೆ ಬೀಳುವುದನ್ನೇ ಮರೆಯುತ್ತಿತ್ತು. ಏನೂ ಅವಸರವಿಲ್ಲದೆ, ಒಂದು ಕಾಲಿನ ಮೇಲೆ ಭಾರ ಹಾಕಿ, ಬಾಯಲ್ಲಿ ಪೆಪ್ಪರಮಿಂಟು ಚೀಪುತ್ತ ಹೊಡೆಯುವಳು. ಸೊಂಟದಿಂದ ಮಶಿನ್ನಿಗೆ ಸಣ್ಣಗೆ ತಾಗಿಸಿ ಗುಂಡಿನ ದಾರಿಯನ್ನೇ ಬದಲಿಸುವಳು. ನಾನು ಆಡಿದರೆ ಗುಂಡು ಹಾರಿದ್ದೇ ತಡ ನೆಟ್ಟಗೆ ನಡುವಿನ ಸಂದಿಗೆ. ಸಿಟ್ಟು ಬಂದು ಮಶಿನ್ ಹಿಡಿದು ಅಲ್ಲಾಡಿಸುತ್ತಿದ್ದೆ. ಹಾಗೆ ಜೋರಾಗಿ ಅಲ್ಲಾಡಿಸಿದರೆ ಮೇಲೆ ಟಿಲ್ಟ್ ಎಂಬ ಕೆಂಪು ದೀಪ ಹತ್ತಿ, ಕೈಗಳೆರಡೂ ಸತ್ತು, ಆಟ ಮುಗಿಯುತ್ತದೆ. ಮಶಿನ್ ಸಿಟ್ಟಿಗೆದ್ದಿತು ಅನ್ನುತ್ತಿದ್ದೆವು. ಮಶಿನ್ ಸಿಟ್ಟಿಗೆದ್ದರೆ ನಾನು ಅಳುತ್ತಿದ್ದೆ. ಮೊದಮೊದಲು ಇದು ದಿನದ ಕಾರ್ಯಕ್ರಮವಾಗಿತ್ತು.

ಆಮೇಲೆ ಒಂದು ಬೇಸಗೆಯಲ್ಲಿ ನಾನು ಅಲ್ಲಾಡಿಸುವುದನ್ನು ಕಲಿತುಬಿಟ್ಟೆ. ಹೇಗೆ ಕಲಿತೆನೋ ಗೊತ್ತಿಲ್ಲ, ಎಷ್ಟು ಕುಲುಕಿದರೂ ಕೆಂಪು ದೀಪ ಹತ್ತುತ್ತಿರಲಿಲ್ಲ. ಗುಂಡು ಬೀಳುವುದು ತಪ್ಪಲಿಲ್ಲ, ಆದರೆ ಮಶಿನ್ ಸಿಟ್ಟಿಗೇಳುವುದು ನಿಂತಿತು. ಈ ಕಲೆಯ ಬಗ್ಗೆ ನನಗೆ ಬಹಳ ಜಂಬವಿತ್ತು. ನೌಕರಿಗೆ ಸೇರಿದ ಮೇಲೂ ಊಟದ ಹೊತ್ತಿನಲ್ಲಿ ಜೊತೆಯವರಿಗೆಲ್ಲ ಹೇಳುತ್ತಿದ್ದೆ, "ಎಲ್ಲಾ ಮಣಿಕಟ್ಟಿನ್ಯಾಗ ಇರತೈತ್ರಿ" ಎಂದು.

ನನಗೆ ಇನ್ನೊಂದು ಸುಖವೂ ಇತ್ತು. ಮಶಿನ್ ಕೆಟ್ಟರೆ ಕಾಕಾ ಕನ್ನಡಿ ತೆಗೆದು ಹಿಂದಿನ ಪೆಟ್ಟಿಗೆ ಬಿಚ್ಚುತ್ತಿದ್ದ. ಆಗ ಬ್ಯಾಟರಿ ಹಿಡಿಯಲು ಕರೆಯುತ್ತಿದ್ದುದು ನನ್ನನ್ನು. ಒಳಗೆ ಸಾಲಾಗಿ ತಂತಿ ಸುತ್ತಿದ ರಿಲೇಗಳು, ಹಲ್ಲಿನ ಚಕ್ರಗಳು, ಒಂದನ್ನೊಂದು ಮುಟ್ಟಿ ಬಿಡುವ ಹಿತ್ತಾಳೆಯ ಎಲೆಗಳು. ಕಂಪ್ಯೂಟರಿನ ಚೂರೂ ಇಲ್ಲದೆ ಆ ಪೆಟ್ಟಿಗೆ ಲೆಕ್ಕ ಮಾಡುತ್ತಿತ್ತು. ಮುಂದೆ ಮುಧೋಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಷಿಯನ್ ಆಗಿ ಸೇರಿದ ಮೊದಲ ದಿನ, ಬೀರುಗಳ ತುಂಬ ಅವೇ ರಿಲೇಗಳು ಕಟಕಟ ಅನ್ನುವುದು ಕೇಳಿ ನನಗೆ ತವರಿಗೆ ಬಂದಂತಾಗಿತ್ತು.

ಇಷ್ಟಾದರೂ ಕಾಕಾ ಮಶಿನ್ ಕೊಟ್ಟದ್ದು ಯಾರಿಗೆ? ಶಕ್ಕುವಿಗೆ. ಅವಳನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಾಗ, ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದ ಕಾಕಾ, "ಇದು ಆಡಾವ್ರ ಮನ್ಯಾಗ ಇರಬೇಕು" ಎಂದು ಹೇಳಿ ಟ್ರ್ಯಾಕ್ಟರಿನಲ್ಲಿ ಪಾತ್ರೆ, ಗಾದಿಗಳ ನಡುವೆ ಅದನ್ನೂ ಏರಿಸಿದ. ಬ್ಯಾಟರಿ ಹಿಡಿದವಳು ನಾನು, ಅದೇ ಮನೆಯ ಮಗಳು ನಾನು, ಸೂಟಿಗೆ ಬಂದವಳು ಒಯ್ದಳು. ಟ್ರ್ಯಾಕ್ಟರ್ ಹೊರಟಾಗ ಬಿಕ್ಕಿ ಬಿಕ್ಕಿ ಅತ್ತೆ. "ಇಬ್ಬರದೂ ಎಷ್ಟ ಜೀವಾ ನೋಡು" ಎಂದು ಶಕ್ಕುವಿನ ತಾಯಿ ನನ್ನ ಬೆನ್ನು ಸವರಿದಳು. ನಾನು ಅತ್ತದ್ದು ಮಶಿನ್ನಿಗೆ ಎಂದು ಹೇಗೆ ಹೇಳಲಿ? ಕಾಕಾ ಈಗಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ಹಾಗಾಗಿ ಅದು ಪೂರ್ತಿ ಶಕ್ಕುವಿನ ಪಾಲಿಗೇ ಬಂತು. ಎಷ್ಟೋ ವರ್ಷ ಅವಳ ಮನೆಗೆ ಹೋದರೂ ಹೊರಗಿನ ಕೋಣೆಯಲ್ಲೇ ಕೂತು, ಚಹಾ ಕುಡಿದು, ಮಶಿನ್ ಇದ್ದ ಒಳಗಿನ ಪಡಸಾಲೆಗೆ ಕಾಲಿಡದೆ ಎದ್ದು ಬರುತ್ತಿದ್ದೆ.

ಹೀಗಿರುವಾಗ ಹೋದ ತಿಂಗಳು ಅವಳಿಂದ ಮೊಬೈಲಿಗೆ ಒಂದು ವಿಡಿಯೋ ಬಂತು. ಹಿಂದೆಯೇ ಫೋನು. ನನಗೆ ಕಾಕಾ ಆದವನು ಅವಳಿಗೆ ಮಾಮಾ.

"ಇಂದೀ, ಮಾಮಾನ ಮಶಿನ್ನಿಗೆ ಏನೋ ಆಗೈತಿ ನೋಡಬೇ. ಚಾಲೂ ಮಾಡೂ ಗುಂಡಿ ಒತ್ತಿದ್ರ ಗರಗರ ತಿರಗಾಕ ಹತ್ತತೈತಿ, ನಿಲ್ಲಂಗ ಇಲ್ಲ. ಆಟ ಚಾಲೂನ ಆಗವಲ್ದು. ಅಮಾಸಿಗೆ ಮಗ್ಗ ಬಂದ್ ಇರತಾವ, ಅವತ್ತ ಬಾ. ನಿನ್ನ ಕೈಲೆ ಆತಂದ್ರ ಛಲೋ ಆತು. ಆಗಲಿಲ್ಲಂದ್ರ ನೀನ ಒಯ್ದಬಿಡು. ಅಲ್ಲೆ ಇನ್ನೊಂದ ಮಗ್ಗಾ ಹಾಕ್ತೇನಿ ಅಂತ ಇವರು ಗಂಟಬಿದ್ದಾರ."

ನೀನೇ ಒಯ್ದುಬಿಡು. ಇದನ್ನು ಕೇಳಲು ನಾನು ತಲೆ ನರೆಯುವವರೆಗೆ ಕಾಯಬೇಕಾಯಿತು. ಫೋನಿಟ್ಟವಳೇ ಕಿಟಕಿಯ ಮೂಲೆಯಲ್ಲಿದ್ದ ದಿವಾನವನ್ನು ಬಾಗಿಲ ಕಡೆಗೆ ಎಳೆದೆ. ಆ ವಿಡಿಯೋ ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳಿದೆ. ಆಟ ಶುರುವಾಗಲು ಅಂಕಿಯ ಚಕ್ರಗಳೆಲ್ಲ ಸೊನ್ನೆಗೆ ಬಂದು ನಿಲ್ಲಬೇಕು, ಯಾವುದೋ ಒಂದು ಬರುತ್ತಿಲ್ಲ, ಅದು ಬರುವ ತನಕ ಮೋಟರು ತಿರುಗುತ್ತಲೇ ಇದೆ. ರೋಗ ಅರ್ಧ ತಿಳಿದಿತ್ತು. ಅದು ಗುಣವಾಗದಿರಲಿ ಎಂದು ದೇವರಿಗೆ ಊದಿನಕಡ್ಡಿ ಹಚ್ಚಿದೆ. ರಿಪೇರಿಗೆ ಹೊರಟವಳು ಕೆಟ್ಟದ್ದು ಕೆಟ್ಟೇ ಇರಲಿ ಎಂದು ಬೇಡಿಕೊಂಡದ್ದು ಜಮಖಂಡಿಯಲ್ಲಿ ನಾನೊಬ್ಬಳೇ ಇರಬೇಕು. ಇಲ್ಲಿಗೆ ತಂದ ಮೇಲೆ ನಿಧಾನಕ್ಕೆ ನೆಟ್ಟಗೆ ಮಾಡಿಕೊಂಡರಾಯಿತು ಎಂಬ ಲೆಕ್ಕ ನನ್ನದು.

ಅಮಾವಾಸ್ಯೆಯ ದಿನ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ತೆವಳಿ ಬನಹಟ್ಟಿ ಮುಟ್ಟಿತು. ಮಗ್ಗಗಳ ಸದ್ದಿಲ್ಲದ ಆ ಓಣಿಯಲ್ಲಿ ಜನ ಅಭ್ಯಾಸಬಲದಿಂದ ಕೂಗಿಯೇ ಮಾತಾಡುತ್ತಿದ್ದರು. ಶಕ್ಕುವಿನ ಮನೆಯ ಮುಂದೆ ಮಶಿನ್ ಹೇರಲು ಟೆಂಪೊ ಒಂದು ಆಗಲೇ ನಿಂತಿತ್ತು. ನನ್ನ ಎದೆ ಹಗುರವಾಯಿತು.

ಬಾಗಿಲಲ್ಲಿ ಶಕ್ಕು ಕೈಯಲ್ಲಿ ಎಣ್ಣೆಯ ಕುಪ್ಪಿ ಹಿಡಿದು ನಿಂತಿದ್ದಳು. "ಬಾರಬೇ. ಮಗ್ಗದ್ದೆಲ್ಲಾ ಮುಗಸಿದೆ. ಇದಕ್ಕೂ ನಾಕ ಹನಿ ಬಿಟ್ಟ ಬರತೇನಿ, ತಡಿ."

"ಯಾವುದಕ್ಕ?"

"ಗೋಲಿ ಮಶಿನ್ನಿಗೆ. ಪ್ರತಿ ಅಮಾಸಿಗೂ ಹಾಕತೇನಿ. ಒಂದ ಸಲಾನೂ ತಪ್ಪಸಿಲ್ಲ." ಅವಳ ಮುಖದಲ್ಲಿ ಹೆಮ್ಮೆ ನೋಡಬೇಕಿತ್ತು.

ಹಿಂದಿನ ಪೆಟ್ಟಿಗೆ ಬಿಚ್ಚಿ ನೋಡಿದೆ. ಒಳಗೆ ಪೂಜೆಯಾಗಿತ್ತು. ಮೋಟರಿಗೆ ವಿಭೂತಿ, ರಿಲೇಗಳ ಸಾಲಿಗೆ ಅರಿಷಿಣ ಕುಂಕುಮ, ಒಂದು ಒಣಗಿದ ಚೆಂಡುಹೂವು. ಎಲ್ಲದರ ಮೇಲೆ ಮಗ್ಗದ ಎಣ್ಣೆ. ಪಕ್ಕದ ಮಗ್ಗಗಳಿಂದ ಹಾರಿ ಬಂದ ಹತ್ತಿಯ ಧೂಳು ಆ ಎಣ್ಣೆಯಲ್ಲಿ ಕೂತು ಕೂತು ಒಂದು ಕರಿಯ ಲೇಪವಾಗಿತ್ತು. ಎಣ್ಣೆ ಹಾಕದಿದ್ದರೆ ಮಗ್ಗ ಓಡುವುದಿಲ್ಲ, ನಿಜ. ಆದರೆ ಕರೆಂಟು ದಾಟುವ ಎಲೆಗಳಿಗೆ ಎಣ್ಣೆ ಸವರಿದರೆ ಕರೆಂಟು ದಾಟುವುದಿಲ್ಲ. ಎಕ್ಸ್‌ಚೇಂಜಿನಲ್ಲಿ ತಲೆಗೆ ಎಣ್ಣೆ ಹಚ್ಚಿದ ಕೈಯಿಂದ ರಿಲೇ ಮುಟ್ಟಿದರೂ ಬೈಗುಳ ತಿನ್ನುತ್ತಿದ್ದೆವು. ಬನಹಟ್ಟಿಯಲ್ಲಿ ಮಾತ್ರ ಯಂತ್ರ ಅಂದಮೇಲೆ ಅಮಾವಾಸ್ಯೆಗೆ ಎಣ್ಣೆ ಬೀಳಲೇಬೇಕು. ಮಿಕ್ಸರಿಗೂ ಹಾಕಿದ್ದಾಳೋ ಏನೋ, ಕೇಳಲಿಲ್ಲ.

ಗುಂಡಿ ಒತ್ತಿದೆ. ಚಕ್ರಗಳು ತಿರುಗಿ ಒಂದೊಂದೇ ಸೊನ್ನೆಗೆ ಬಂದವು. ಮೂರನೆಯದು ಏಳರ ಹತ್ತಿರ ನಿಂತು ಬಿಕ್ಕಳಿಸತೊಡಗಿತು. ಬೆರಳಿನಿಂದ ತಳ್ಳಿದೆ. ಜೋನಿಬೆಲ್ಲದಲ್ಲಿ ಸಿಕ್ಕ ಇರುವೆಯ ಹಾಗೆ ಕದಲಿತು. ರೋಗ ಪೂರ್ತಿ ಸಿಕ್ಕಿತ್ತು. ಒರೆಸಿ, ಉಜ್ಜಿ, ಒಣಗಿಸಿದರೆ ಎದ್ದು ಓಡುವ ರೋಗ.

"ಆಗತೈತೇನಬೇ?" ಶಕ್ಕು ಕೇಳಿದಳು.

ನಾನು ಮಾಡಬೇಕಾದದ್ದು ಇಷ್ಟೇ. ನಿಟ್ಟುಸಿರು ಬಿಟ್ಟು, ತಲೆಯನ್ನು ಅಡ್ಡಡ್ಡ ಆಡಿಸಬೇಕು. ಹೊರಗೆ ಟೆಂಪೊ ಇದೆ. ಜಮಖಂಡಿಯಲ್ಲಿ ಮೂಲೆ ಇದೆ. ನಿಟ್ಟುಸಿರು ಎಳೆದುಕೊಂಡೂ ಆಗಿತ್ತು. ಅಷ್ಟರಲ್ಲಿ ಅವಳ ಗಂಡ ಈರಣ್ಣನವರು ಟವೆಲ್ಲಿನಿಂದ ಕೈ ಒರೆಸುತ್ತ ಬಂದರು.

"ಬಿಡ್ರಿ ಅಕ್ಕಾರ, ಸುಮ್ಮನ ಯಾಕ ತ್ರಾಸ ತಗೋತೀರಿ. ನಿಮ್ಮ ಕೈಲೆ ಆಗೂದಲ್ಲ ಅದು. ಇಚಲಕರಂಜಿಯಿಂದ ನಮ್ಮ ಮಗ್ಗದ ಜಕಾರ್ಡ್ ಫಿಟ್ಟರ್ ಬರಾವ ಅದಾನ. ಕೆಟ್ಟಿದ್ದನ್ನ ಹಂಗ ಕೊಡೂದ ಬ್ಯಾಡ, ಒಂದ ಸಲ ಅವನ ಕೈಲೆ ಬಿಚ್ಚಸಿ ನೋಡತೇನಿ, ಆಮ್ಯಾಲೆ ಬೇಕಾದ್ರ ಒಯ್ಯಿರಿ."

ಆ ಫಿಟ್ಟರನ್ನು ನಾನು ಕಂಡವಳಲ್ಲ. ಆದರೆ ಆ ಕ್ಷಣದಲ್ಲಿ ಅವನ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿನ ಮುಂದೆ ಶಕ್ಕುವಿನ ಮೇಲಿದ್ದದ್ದು ಏನೂ ಅಲ್ಲ. ನಾನು ಬ್ಯಾಟರಿ ಹಿಡಿದ ಪೆಟ್ಟಿಗೆಯೊಳಗೆ ಯಾವನೋ ಬಂದು ಕೈ ಹಾಕುವುದೇ? ನಾನು ಕೈಬಿಟ್ಟದ್ದನ್ನು ಅವನು ನೆಟ್ಟಗೆ ಮಾಡಿ ಈರಣ್ಣನವರಿಂದ ಶಾಭಾಸ್ ಅನ್ನಿಸಿಕೊಳ್ಳುವುದೇ? "ಯಾರೂ ಬರೂದ ಬ್ಯಾಡ. ಶಕ್ಕು, ಸ್ಪಿರಿಟ್ ತರಸು, ಒರಸಾಕ ಹಳೇ ಪತ್ತಲ ಕೊಡು. ಆ ಎಣ್ಣಿ ಕುಪ್ಪಿ ನನ್ನ ಕಣ್ಣಿಗೆ ಕಾಣದಂಗ ಇಡು" ಎಂದೆ. ಹೇಳಿ ಮುಗಿಸಿದ ಮೇಲೆ ಹೊಳೆಯಿತು, ಟೆಂಪೊವನ್ನು ನಾನೇ ಖಾಲಿ ಕಳಿಸಿದ್ದೆ.

ಮಧ್ಯಾಹ್ನವೆಲ್ಲ ಅದರಲ್ಲೇ ಕಳೆಯಿತು. ಚಕ್ರ ಬಿಚ್ಚಿ ಒರೆಸಿದೆ. ಎಲೆಗಳ ತುದಿಗೆ ಎಕ್ಸ್‌ಚೇಂಜಿನ ಕಾಲದ ನನ್ನ ಚಪ್ಪಟೆ ಅರದಿಂದ ಉಜ್ಜಿದೆ. ಅರ ಹೋಗದ ಸಂದಿಗೆ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ, ಸ್ಪಿರಿಟಿನಲ್ಲಿ ಅದ್ದಿ, ತೂರಿಸಿ ಎಳೆದೆ. ಎಳೆದಷ್ಟೂ ಕಪ್ಪು ಬಂತು. ಶಕ್ಕು ಬ್ಯಾಟರಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು, ಬೇಕಾದಲ್ಲಿ ಬಿಟ್ಟು ಉಳಿದೆಡೆಗೆಲ್ಲ ಬೆಳಕು ಬಿಡುತ್ತ. ಹಿಡಿಯಲು ಬರುವುದಿಲ್ಲ ಎಂದು ಬೈದೆ. ಬೈಯುವಾಗ ಹಿತವಾಗಿತ್ತು.

ಕೊನೆಗೆ ಗುಂಡಿ ಒತ್ತಿದೆ. ಚಕ್ರಗಳು ಗಿರ್ರೆಂದು ತಿರುಗಿ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಮೋಟರು ಗಪ್ಪಾಯಿತು. ಟಣ್ ಎಂದು ಗುಂಡು ಬಂದು ಕೂತಿತು. ಶಕ್ಕು ಚಪ್ಪಾಳೆ ತಟ್ಟಿದಳು. ಈರಣ್ಣನವರು ಕನ್ನಡಿಯ ಹೆಂಗಸರನ್ನು ನೋಡುತ್ತ, "ದಡಿ ಒಟ್ಟ ಸರಿ ತಗದಿಲ್ಲರಿ" ಎಂದರು. ನೇಕಾರರ ಸಂತೋಷ ಹಾಗೆಯೇ ಇರುತ್ತದೆ.

ಎಣ್ಣೆ ಇನ್ನೆಲ್ಲಿಗೆ ಇಳಿದಿದೆಯೋ ಎಂದು ಮುಂಭಾಗದ ಪುಟ್ಟ ಬಾಗಿಲು ತೆಗೆದು ಒಳಗೆ ಬ್ಯಾಟರಿ ಬಿಟ್ಟೆ. ಎಡಗಡೆ ಸಿಟ್ಟಿನ ಗುಂಡು ಕಂಡಿತು. ಗೌಂಡಿಗಳು ಗೋಡೆ ನೆಟ್ಟಗಿದೆಯೋ ನೋಡಲು ಇಳಿಬಿಡುವ ತೂಗುಗುಂಡಿನಂಥದು. ಸುತ್ತ ಒಂದು ಬಳೆ ಇರುತ್ತದೆ. ಮಶಿನ್ ಅಲ್ಲಾಡಿದರೆ ಗುಂಡು ತೂಗಿ ಬಳೆಗೆ ತಾಗುತ್ತದೆ, ಕೆಂಪು ದೀಪ ಹತ್ತುತ್ತದೆ. ಆದರೆ ಈ ಗುಂಡು ತೂಗುವ ಹಾಗಿರಲಿಲ್ಲ. ಅದನ್ನು ಒಂದು ದಾರದಿಂದ ಮೇಲಕ್ಕೆತ್ತಿ ಮೊಳೆಗೆ ಬಿಗಿದಿದ್ದರು.

ಇದೇ ಹಾಗಾದರೆ! ಸೊಂಟದಿಂದ ತಾಗಿಸುವ ಆ ನಾಜೂಕು, ಬಾಯಲ್ಲಿ ಪೆಪ್ಪರಮಿಂಟು, ಎಲ್ಲ ಈ ದಾರದ ಪ್ರತಾಪ! "ಶಕ್ಕೂ, ಬಾ ಇಲ್ಲೆ" ಎಂದೆ. "ಇದನ್ನ ಕಟ್ಟಿ ಆಡತಿದ್ದೆಲಾ! ಇಷ್ಟ ವರ್ಷ ನಮ್ಮನ್ನೆಲ್ಲಾ ಮಂಗ್ಯಾ ಮಾಡಿದಿ."

ಶಕ್ಕು ಬಗ್ಗಿ ನೋಡಿದಳು. ನಕ್ಕಳು. ನಂತರ ನಗು ನಿಲ್ಲಿಸಿದಳು.

"ಅದು ನನ್ನ ಸಲುವಾಗಿ ಕಟ್ಟಿದ್ದಲ್ಲಬೇ. ನೀ ದಿನಾ ಅಲ್ಲಾಡಸಿ ಅಳತಿದ್ದೆಲಾ, ಅದನ್ನ ನೋಡಲಾರದ ಮಾಮಾ ಕಟ್ಟಿದ್ದು. ಸೋಡಾದ ಪಾರ್ಸಲ್ ದಾರ. ನಾ ನೋಡಿದ್ನಿ. ಇಂದಿಗೆ ಹೇಳಬ್ಯಾಡ, ಆಕಿಗೆ ಖುಷಿ ಆಗಲಿ ಅಂದಾ. ನಾ ಹೇಳಲಿಲ್ಲ."

ನಾನು ನೆಲದ ಮೇಲೆ ಕೂತೇ ಇದ್ದೆ. ಮಣಿಕಟ್ಟಿನಲ್ಲಿ ಇರುತ್ತದೆ ಎಂದು ಎಕ್ಸ್‌ಚೇಂಜಿಗೆಲ್ಲ ಸಾರಿದವಳು ನಾನು. ಸಂಶಯ ಮಾತ್ರ ಸಾಯಲಿಲ್ಲ. ಅರದ ತುದಿಯಿಂದ ಗಂಟು ಬಿಡಿಸಿ ದಾರ ತೆಗೆದೆ. ಗುಂಡು ತೂಗಾಡಿ ನಿಂತಿತು. "ಈಗ ಆಡು" ಎಂದೆ.

ಅವಳು ಆಡಿದಳು. ಮೊಣಕಾಲು ನೋವಿನವಳು, ಅದೇ ಹಾಗೆ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಳು. ಛತ್ರಿಗಳು ಬಡಿದವು, ಗಂಟೆಗಳು ಮೊಳಗಿದವು, ಸೊಂಟ ಸಣ್ಣಗೆ ತಾಗಿತು, ಕೆಂಪು ದೀಪ ಹತ್ತಲೇ ಇಲ್ಲ. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರೂ ಅದೇ ಗುಂಡು ಆಡುತ್ತಿತ್ತು. ನನ್ನ ಸರದಿ ಬಂತು. ಹಿಡಿಕೆ ಎಳೆದು ಬಿಟ್ಟೆ. ಗುಂಡು ನಡುವಿನ ಸಂದಿಯ ಕಡೆಗೆ ಹೊರಟಿತು. ಕೈ ತಡೆಯಲಿಲ್ಲ, ಹಿಡಿದು ಒಂದು ಸಲ ಕುಲುಕಿದೆ. ಸೀರೆ ಉಟ್ಟ ಮೂವರ ತಲೆಯ ಮೇಲೆ ಕೆಂಪು ದೀಪ ಹತ್ತಿತು.

ಹೊಟ್ಟೆಕಿಚ್ಚಿಗೆ ಅವಳ ಕೈಚಳಕ ಒಂದೇ ಸಾಕಿತ್ತು. ಇನ್ನು ಮೇಲೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಅವಳ ಒಳ್ಳೆಯತನದ ಮೇಲೂ ಹೊಟ್ಟೆಕಿಚ್ಚು ಪಡಬೇಕು. ಈ ವಯಸ್ಸಿನಲ್ಲಿ ಕೆಲಸ ಹೆಚ್ಚಾಯಿತು.

"ಮತ್ತ ಕಟ್ಟಲೇನ?" ಶಕ್ಕು ಮೆಲ್ಲಗೆ ಕೇಳಿದಳು.

"ಬ್ಯಾಡ" ಎಂದೆ. ದಾರ ನನ್ನ ಮುಷ್ಟಿಯಲ್ಲಿತ್ತು. ಮೊಳೆಗೆ ಸುತ್ತಿದ್ದ ಕಡೆ ಸುಕ್ಕು ಹಾಗೇ ಇತ್ತು, ಕಾಕಾ ಬೆರಳಿನಿಂದ ಬಿಗಿದ ಹಾಗೆಯೇ. ಮಶಿನ್ ಕೊಟ್ಟದ್ದು ಅವಳಿಗೆ. ಆದರೆ ಅಂಗಡಿ ಖಾಲಿಯಿದ್ದ ಯಾವುದೋ ಹೊತ್ತಿನಲ್ಲಿ, ಆ ಪುಟ್ಟ ಬಾಗಿಲಿನಲ್ಲಿ ತಲೆ ತೂರಿಸಿ, ಅವನು ಇದನ್ನು ಕಟ್ಟಿದ್ದು ನನಗಾಗಿ. ದಾರವನ್ನು ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡೆ.

ಸಂಜೆ ಮನೆಗೆ ಬಂದಾಗ ನನ್ನವರು ದಿವಾನದ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. "ಎಲ್ಲೈತಿ ಮಶಿನ್?" ಎಂದರು. ಡಬ್ಬಿ ತೆಗೆದು ದಾರ ತೋರಿಸಿದೆ. ಎಲ್ಲ ಕೇಳಿಸಿಕೊಂಡರು. ಮೂಲೆ ನೋಡಿದರು, ದಾರ ನೋಡಿದರು. "ಇದಕ್ಕ ಅಷ್ಟ ಜಾಗಾ ಸಾಕಾಗತೈತೇನ?" ಎಂದರು.

ಮರುದಿನ ಬೆಳಿಗ್ಗೆಯೇ ಶಕ್ಕುವಿನ ಫೋನು. ಮಶಿನ್ ಛಲೋ ಓಡುತ್ತಿದೆಯಂತೆ, ಈರಣ್ಣನವರು ಹೊಸ ಮಗ್ಗದ ಮಾತು ಬಿಟ್ಟಿದ್ದಾರಂತೆ.

"ಇಂದೀ, ಆ ದಾರ ಒಯ್ದೀಯೇನ?"

"ಒಯ್ದೇನಿ."

"ಅದು ಮಶಿನ್ನಿನ್ಯಾಗಿನ ಸಾಮಾನಲ್ಲೇನಬೇ. ಇಲ್ಲೆ ಇದ್ರ ಛಲೋ ಇತ್ತು. ಮಾಮಾ ನನಗ ಮಶಿನ್ ಕೊಟ್ಟಾ, ಖರೆ. ಆದ್ರ ನನ್ನ ಸಲುವಾಗಿ ಅಂತ ಹಂಗ ಏನೂ ಕಟ್ಟಲಿಲ್ಲ ನೋಡು."

"ಕೊಡಂಗಿಲ್ಲ" ಎಂದೆ.

ಹಿಂದೆ ಮಗ್ಗಗಳು ಬಡಿಯುವುದು ಕೇಳುತ್ತಿತ್ತು. ಫೋನ್ ಇಡುವ ಮೊದಲು "ಹೋಗಲಿ ಬಿಡು" ಎಂದಳು. ಆ ದನಿಯಲ್ಲಿ ಇದ್ದದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಯುಷ್ಯವೆಲ್ಲ ಅದನ್ನು ಸಾಕಿದವಳು ನಾನು.